ಕೆಟ್ಟ ಹಾಳೆಗಳ ಓದಕ್ಕ

ಮಾಲೀಕರ ಕೋಣೆಯಿಂದ ಹೊರಡಲು ಓದಕ್ಕ ತಿರುಗಿದಳು. ಬೆನ್ನು ಮುಗಿದು ಕುರ್ಚಿಯ ಪಾಲಿನ ಭಾಗ ಶುರುವಾಗುವಲ್ಲಿ, ದಪ್ಪ ಅಕ್ಷರಗಳಲ್ಲಿ, 'ಗಣಿತ, ಏಳನೆಯ ತರಗತಿ, ಭಾಗ ಎರಡು' ಎಂದಿತ್ತು. ಅದರ ಕೆಳಗೆ ಸಣ್ಣಕ್ಷರದಲ್ಲಿ, 'ಪರಿಷ್ಕೃತ ಆವೃತ್ತಿ. ಮಾರಾಟಕ್ಕಲ್ಲ.'

ಯಾರೂ ಬರೆದದ್ದಲ್ಲ, ಅಂಟಿಕೊಂಡದ್ದು. ಬೈಂಡಿಂಗ್ ಕೋಣೆಯಲ್ಲಿ ಒಳಮೈಗೆ ಅಂಟು ಬಳಿದು ಬೆಂಚಿನ ಮೇಲೆ ಹರಡಿದ್ದ ಪಠ್ಯಪುಸ್ತಕದ ಮುಖಪುಟಗಳ ಪೈಕಿ ಒಂದರ ಮೇಲೆ ಅವಳು ಎರಡು ನಿಮಿಷ ಕೂತು ಎದ್ದಿದ್ದಳು. ಮುಖಪುಟಕ್ಕೆ ಮುಖವೇ ಆಗಬೇಕೆಂದು ಹಟವೇನಿಲ್ಲವಲ್ಲ. ಹಾಗೇ ಮುದ್ರಣದ ಹಾಲ್ ದಾಟಿ, ಹದಿನಾಲ್ಕು ಮೆಟ್ಟಿಲು ಹತ್ತಿ ಬಂದಿದ್ದಳು. ದಾರಿಯಲ್ಲಿ ನಾಲ್ವರು ಮಷೀನಿನವರು ಓದಿಕೊಂಡಿದ್ದರು, ಒಬ್ಬನೂ ಬಾಯಿ ಬಿಟ್ಟಿರಲಿಲ್ಲ. ಮುಂದೆ ನಡೆಯುತ್ತಿದ್ದ, ಬೈಂಡಿಂಗ್ ಹೆಂಗಸರ ಮೇಲ್ವಿಚಾರಕಿ ಮೇಸ್ತ್ರಮ್ಮನಿಗಂತೂ ಹಿಂದಿನದು ಗೊತ್ತಾಗುವ ಹಾಗೇ ಇರಲಿಲ್ಲ.

ಚಿಕ್ಕ ಮಾಲೀಕ ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. ಅವನಪ್ಪ, ಅಂದರೆ ದೊಡ್ಡ ಮಾಲೀಕರು, ತೀರಿಕೊಂಡು ಮೂರು ತಿಂಗಳಾಗಿತ್ತು. ಮುದ್ರಣಾಲಯ ಇವನ ಕೈಗೆ ಬಂದ ಮೇಲೆ ಇವನು ನಕ್ಕದ್ದು ಅದೇ ಮೊದಲು. ಮೇಸ್ತ್ರಮ್ಮ ಚಟ್ಟನೆ ತಿರುಗಿ ನೋಡಿ, ಅಯ್ಯೋ ಎಂದು ಆ ಗಣಿತವನ್ನು ಕಿತ್ತಳು. ಭಾಗ ಎರಡು ಎರಡು ಭಾಗವಾಗಿ ಬಂತು.

ನಗು ಮುಗಿದ ಮೇಲೆ ಮನುಷ್ಯನಿಗೆ ಪ್ರಶ್ನೆ ಏಳುತ್ತದೆ. "ಇವರು ಯಾರು? ಇವರನ್ನ ನಾನು ಟೇಬಲ್ ಹತ್ರ ನೋಡೇ ಇಲ್ವಲ್ಲ. ಏನ್ ಕೆಲಸ ಮಾಡ್ತಾರೆ?"

ಗಾಬರಿಯಲ್ಲಿದ್ದ ಮೇಸ್ತ್ರಮ್ಮನ ಬಾಯಿಂದ ನಿಜವೇ ಹೊರಬಿತ್ತು. "ಓದ್ತಾರೆ ಸಾರ್."

"ಓದ್ತಾರೆ ಅಂದ್ರೆ? ಪ್ರೂಫಾ?"

"ಇಲ್ಲ ಸಾರ್. ಕಾದಂಬರಿ."

ಅವರಿಬ್ಬರೂ ಬಂದಿದ್ದು ಓದಕ್ಕನ ಕುರ್ಚಿಯ ಮೇಲೊಂದು ಟ್ಯೂಬ್‌ಲೈಟ್ ಹಾಕಿಸಿ ಎಂದು ಕೇಳುವುದಕ್ಕೆ. ಬೆಳಕು ಕೇಳಲು ಬಂದವರು ಬೆಳಕಿಗೆ ಬಂದುಬಿಟ್ಟಿದ್ದರು.

ಓದಕ್ಕ ಹುಟ್ಟಿನಿಂದ ಓದಕ್ಕನಲ್ಲ. ಹತ್ತೊಂಬತ್ತನೆಯ ವಯಸ್ಸಿಗೆ ಹಾಳೆ ಮಡಿಸಲು ಬಂದವಳು. ಮಷೀನಿನಿಂದ ಮೇಜಿನಗಲದ ಹಾಳೆ ಬರುತ್ತದೆ. ಒಂದೊಂದರಲ್ಲೂ ಹದಿನಾರು ಪುಟ, ಅರ್ಧ ನೆಟ್ಟಗೆ, ಅರ್ಧ ತಲೆಕೆಳಗೆ. ಮೂರು ಸಲ ಮಡಿಸಿದರೆ ಪುಟಗಳೆಲ್ಲ ಒಂದರ ಹಿಂದೊಂದು ಸಾಲಿಗೆ ಬಂದು ನಿಲ್ಲುತ್ತವೆ. ಅದಕ್ಕೆ ಫಾರಂ ಎನ್ನುತ್ತಾರೆ. ಫಾರಂ ಮೇಲೆ ಫಾರಂ ಪೇರಿಸಿ, ಹೊಲಿದು, ಅಂಟು ಬಳಿದರೆ ಪುಸ್ತಕ. ಹೊರಗಿನವರಿಗೆ ಪುಸ್ತಕವೆಂದರೆ ಜ್ಞಾನ, ಮನರಂಜನೆ, ಇನ್ನೂ ಏನೇನೋ. ಬೈಂಡಿಂಗ್ ಕೋಣೆಯ ಹೆಂಗಸರಿಗೆ ಅದು ಬೆನ್ನುನೋವು. ದಿನಕ್ಕೆ ಸಾವಿರಗಟ್ಟಲೆ ಹಾಳೆ ಕೈಯಲ್ಲಿ ಓಡುವಾಗ ಅದರಲ್ಲಿ ಏನಿದೆ ಎಂದು ನೋಡುವ ಪುರುಸೊತ್ತು ಯಾರಿಗೆ?

ಇಪ್ಪತ್ತಾರು ವರ್ಷದ ಹಿಂದೆ ಒಂದು ದಿನ, ಕಿಟಕಿಯ ಪಕ್ಕದ ಜಾಗ ಯಾರದೆಂದು ಹೆಂಗಸರಿಗೆ ಜಗಳ ಹತ್ತಿತು. ಜುಟ್ಟು ಹಿಡಿಯುವ ಮಟ್ಟಕ್ಕೆ ಹೋದಾಗ ಇವಳು ಕೈಗೆ ಸಿಕ್ಕಿದ ಒಂದು ಫಾರಂ ತೆಗೆದು ಗಟ್ಟಿಯಾಗಿ ಓದತೊಡಗಿದಳು. ಯಾಕೆ ಓದಿದೆ ಎಂದರೆ ಅವಳಿಗೂ ಗೊತ್ತಿಲ್ಲ. ಅದರಲ್ಲಿ ಒಬ್ಬಳು ಹೆಂಗಸು ರೈಲು ನಿಲ್ದಾಣದಲ್ಲಿ ಗಂಡನ ಟ್ರಂಕು ತೆರೆದು ನೋಡುತ್ತಿದ್ದಳು. ಜಗಳ ನಿಂತಿತು. ಟ್ರಂಕಿನಲ್ಲಿ ಏನಿತ್ತು ಎನ್ನುವುದು ಕಿಟಕಿಗಿಂತ ದೊಡ್ಡದಾಯಿತು. ಆ ಕೋಣೆಯಿಂದ ಸದ್ದೇ ಬಾರದ್ದನ್ನು ಕೇಳಿ ದೊಡ್ಡ ಮಾಲೀಕರು ಏನೋ ಅನಾಹುತವಾಗಿದೆಯೆಂದು ಓಡಿಬಂದರು. ಬಂದರೆ ಬಾಯಿಗಳೆಲ್ಲ ಮುಚ್ಚಿ ಕೈಗಳೆಲ್ಲ ಓಡುತ್ತಿದ್ದವು. ಸಂಜೆ ನೋಡಿದರೆ ದಿನಕ್ಕಿಂತ ಜಾಸ್ತಿ ಹಾಳೆ ಮಡಿಕೆಯಾಗಿತ್ತು.

"ಇವಳು ಓದಲಿ. ಇವಳ ಪಾಲಿನ ಮಡಿಕೆ ನೀವು ಹಂಚ್ಕೊಳ್ಳಿ" ಎಂದರು ಅವರು. ಅವತ್ತಿನಿಂದ ಪ್ರತಿ ಸಂಜೆ ಹನ್ನೊಂದು ಜನ ಹೆಂಗಸರು ತಮ್ಮ ತಮ್ಮ ಮಡಿಕೆಯಿಂದ ಒಂದೊಂದು ಕಟ್ಟು ತೆಗೆದು ಅವಳ ಲೆಕ್ಕಕ್ಕೆಂದು ಪಕ್ಕದ ಸ್ಟೂಲಿನ ಮೇಲೆ ಇಡುತ್ತಾರೆ. ಅದರ ಹೆಸರೇ ಓದಿನ ಕಟ್ಟು. ಹಾಗೆ ಮಡಿಸುವವಳು ಓದಕ್ಕನಾದಳು. ಹೊಸಬರು "ಯಾಕೆ ಹಂಗಂತಾರೆ?" ಎಂದರೆ "ಓದಕ್ಕೆ ಇರೋಳು ಓದಕ್ಕ" ಎಂದು ಉತ್ತರ ಸಿಗುತ್ತಿತ್ತು.

ಮನೆಯಲ್ಲಿ ಅವಳಿಗೆ ಅಷ್ಟು ಬಾಯಿಲ್ಲ. ತಮ್ಮನ ಸಂಸಾರದ ಜೊತೆ, ಹಿಂದಿನ ಕೋಣೆಯಲ್ಲಿ ಇದ್ದಾಳೆ. ನಾದಿನಿಗೆ "ಹೂಂ", ತಮ್ಮನಿಗೆ "ಆಯ್ತು", ಬೆಕ್ಕಿಗೆ ಮಾತ್ರ ಒಂದು ಪೂರ್ತಿ ವಾಕ್ಯ. ಮಾತನ್ನೆಲ್ಲ ಕೂಡಿಟ್ಟು ಕೆಲಸಕ್ಕೆ ತರುತ್ತಾಳೇನೋ ಎಂದು ಮೇಸ್ತ್ರಮ್ಮ ಎಷ್ಟೋ ಸಲ ಅಂದುಕೊಂಡದ್ದುಂಟು.

ಚಿಕ್ಕ ಮಾಲೀಕ ಇದನ್ನೆಲ್ಲ ಕೇಳಿದ. ಅವನ ಮುಖದಲ್ಲಿ ನಗು ಇಳಿದು ಲೆಕ್ಕಾಚಾರ ಏರಿತು.

"ಅಂದ್ರೆ ಇಪ್ಪತ್ತಾರು ವರ್ಷದಿಂದ ಇವರು ಒಂದು ಹಾಳೆನೂ ಮಡಿಸಿಲ್ಲ?"

"ಅವರ ಪಾಲು ನಾವು ಮಡಿಸ್ತೀವಲ್ಲ ಸಾರ್."

"ಅದನ್ನೇ ನಿಮ್ಮ ಪಾಲಿನ ಮೇಲೆ ಮಡಿಸಿದ್ರೆ ಆಗಲ್ವಾ? ಒಂದು ಸ್ಪೀಕರ್ ಹಾಕಿಸ್ತೀನಿ. ಹಾಡು ಬರುತ್ತೆ, ವಾರ್ತೆ ಬರುತ್ತೆ, ಉಗುಳು ನುಂಗೋಕೂ ನಿಲ್ಸಲ್ಲ. ಬರೋ ಒಂದನೇ ತಾರೀಕಿಂದ ಇವರೂ ಟೇಬಲ್ಲಿಗೆ ಬರಲಿ. ಆಗಲ್ಲ ಅಂದ್ರೆ ಮನೇಲಿ ಆರಾಮಾಗಿ ಇರಲಿ, ಪಾಪ."

ಆ 'ಪಾಪ' ಕೇಳಿ ಮೇಸ್ತ್ರಮ್ಮ ಓದಕ್ಕನ ಕೈ ನೋಡಿದಳು. ಓದಕ್ಕನ ಬಲಗೈ ಹೆಬ್ಬೆರಳು ಮಡಚುವುದು ನಿಂತು ಆರು ವರ್ಷವಾಗಿದೆ. ಪುಟ ತಿರುಗಿಸುವುದಕ್ಕೇ ಅವಳು ತೋರುಬೆರಳು ಒದ್ದೆ ಮಾಡಿಕೊಳ್ಳಬೇಕು. ಟೇಬಲ್ಲಿಗೆ ಬಾ ಅಂದರೂ ಮನೆಗೆ ಹೋಗು ಅಂದರೂ ಅವಳಿಗೆ ಒಂದೇ. ಆ ಮನೆ ಎಂಥದು ಎಂದು ಮೇಸ್ತ್ರಮ್ಮನಿಗೆ ಗೊತ್ತಿತ್ತು.

ಓದಕ್ಕ ಮಾತ್ರ ಮೆಟ್ಟಿಲಿಳಿಯುತ್ತಾ ಹೇಳಿದ್ದಿಷ್ಟೆ. "ಹಿಂದೆ ಇನ್ನೂ ಏನಾದ್ರೂ ಅಂಟಿದೆಯಾ ನೋಡೇ. ಚುರುಚುರು ಅಂತಿದೆ."

ಬೈಂಡಿಂಗ್ ಕೋಣೆಯಲ್ಲಿ ಸುದ್ದಿ ಬಿದ್ದಾಗ ಕೈಗಳು ನಿಂತವು. ಅಂಟು ಕಲೆಸುವ ಅಂಟಜ್ಜಿ ಸೌಟು ಕೈಯಲ್ಲೇ ಹಿಡಿದು, "ಸ್ಪೀಕರಾ? ಸ್ಪೀಕರಿಗೆ 'ಆಮೇಲೇನಾಯ್ತು' ಅಂತ ಕೇಳಿದ್ರೆ ಹೇಳುತ್ತಾ?" ಎಂದಳು. ಅವರ ಅಭಿರುಚಿಯನ್ನೇ ಯಾರೋ ಕೆಲಸದಿಂದ ತೆಗೆದ ಹಾಗಾಗಿತ್ತು.

ಅಭಿರುಚಿ ಎಂದೆ, ಹೌದು. ಈ ಹನ್ನೊಂದು ಜನರಿಗೆ ಅಚ್ಚುಮೆಚ್ಚಿನ ಬರಹಗಾರರಿದ್ದರು. ಮುಖಪುಟದ ಮೇಲಿನ ಹೆಸರು ಯಾರಿಗೂ ಬೇಡ. ಹೆಸರು ಇವರೇ ಇಡುತ್ತಿದ್ದರು. ಒಬ್ಬ ಕೊಲೆರಾಯ. ಅವನದು ಚೊಕ್ಕ ಕೆಲಸ, ಮೂರನೇ ಪುಟಕ್ಕೆ ಹೆಣ ಬೀಳಲೇಬೇಕು. ಅವನು ನಡೆಯುತ್ತಿದ್ದಾಗ ಮಡಿಕೆ ಭರಭರ ಏರುತ್ತಿತ್ತು. ಕೊಲೆಗಾರ ಸಿಗುವ ದಿನ ಸಂಜೆಯ ಗಂಟೆ ಹೊಡೆದರೂ ಯಾರೂ ಏಳುತ್ತಿರಲಿಲ್ಲ. ಇನ್ನೊಬ್ಬ ಕಣ್ಣೀರಪ್ಪ. ಅವನ ಅಧ್ಯಾಯಗಳಲ್ಲಿ ಕೆಮ್ಮಿದವರೆಲ್ಲ ಸಾಯುತ್ತಿದ್ದರು. ಇವರು ಸೆರೆಯುಬ್ಬಿ ಅಳುತ್ತಿದ್ದರು, ಹಾಳೆ ಒದ್ದೆಯಾಗುತ್ತಿತ್ತು. ಬೇಸಿಗೆಯಲ್ಲಾದರೆ ಹೇಗೋ ಒಣಗುತ್ತಿತ್ತು, ಚಳಿಗಾಲದಲ್ಲಿ ಕಣ್ಣೀರಪ್ಪ ಬೇಡವೆಂದು ದೊಡ್ಡ ಮಾಲೀಕರೇ ತಾಕೀತು ಮಾಡಿದ್ದರು.

ಆದರೆ ಎಲ್ಲರಿಗಿಂತ ಮೇಲೆ ಊಟದಮ್ಮ. ಹದಿನಾಲ್ಕು ವರ್ಷದಲ್ಲಿ ಅವಳ ಹನ್ನೊಂದು ಕಾದಂಬರಿ ಇದೇ ಕೋಣೆಯಲ್ಲಿ ಮಡಿಕೆಯಾಗಿ ಹೋಗಿದ್ದವು. ಊಟದಮ್ಮನ ಕತೆಯಲ್ಲಿ ಜನ ಯೋಚಿಸುತ್ತಾ ಇರುತ್ತಾರೆ, ಯೋಚಿಸುತ್ತಾ ಇರುತ್ತಾರೆ, ಇನ್ನೇನು ಕೇಳುವವರಿಗೆ ಜೊಂಪು ಹತ್ತಬೇಕು, ಅಷ್ಟರಲ್ಲಿ ಯಾರೋ ಒಲೆ ಹಚ್ಚುತ್ತಾರೆ. ಈರುಳ್ಳಿ ಬಾಡುವ ವಾಸನೆ ಪಕ್ಕದ ಕೋಣೆಗೆ ಹೋಗುತ್ತದೆ. ಮುನಿದವರು ಬಂದು ಕೂರುತ್ತಾರೆ. ಅಲ್ಲಿ ಕೊಲೆಯಿಲ್ಲ, ಕೆಮ್ಮಿಲ್ಲ. ಒಬ್ಬರು ಇನ್ನೊಬ್ಬರ ತಟ್ಟೆಗೆ ಕೇಳದೆಯೇ ಇನ್ನೊಂದಿಷ್ಟು ಬಡಿಸುತ್ತಾರೆ, ಅಷ್ಟೆ. ಅಷ್ಟಕ್ಕೇ ಕೇಳುವವರು ಸೆರಗು ಹುಡುಕುತ್ತಿದ್ದರು. ಊಟದಮ್ಮ ನಡೆಯುವಾಗ ಮಡಿಕೆ ಏರುತ್ತಲೂ ಇರಲಿಲ್ಲ, ಇಳಿಯುತ್ತಲೂ ಇರಲಿಲ್ಲ. ಆದರೆ ಒಂದು ಹಾಳೆಯೂ ಸೊಟ್ಟಗಾಗುತ್ತಿರಲಿಲ್ಲ.

ಮೇಸ್ತ್ರಮ್ಮನಿಗೆ ಊಟದಮ್ಮನ ಮೇಲೆ ಇದ್ದದ್ದು ಬರೀ ಮೆಚ್ಚುಗೆಯಲ್ಲ, ಋಣ. ತಂಗಿಯ ಜೊತೆ ಅವಳಿಗೆ ಒಂಬತ್ತು ವರ್ಷ ಮಾತಿರಲಿಲ್ಲ. ಕಾರಣ ಹೇಳಿದರೆ ನೀವು ನಗುತ್ತೀರಿ: ಅಮ್ಮನ ಹೊಲಿಗೆ ಯಂತ್ರ. ಊಟದಮ್ಮನ ಆರನೆಯ ಕಾದಂಬರಿಯಲ್ಲಿ ಒಬ್ಬ ಅಕ್ಕ, ಮುಚ್ಚಿದ ಪಾತ್ರೆ ಹಿಡಿದು ತಂಗಿಯ ಮನೆ ಬಾಗಿಲು ತಟ್ಟುತ್ತಾಳೆ. ತಂಗಿ ಬಾಗಿಲು ತೆಗೆದು, ಏನೂ ಅನ್ನದೆ ಒಳಗೆ ಹೋಗಿ, ಒಂದೇ ತಟ್ಟೆ ತರುತ್ತಾಳೆ. ಇಬ್ಬರೂ ಅದರಲ್ಲೇ ಉಣ್ಣುತ್ತಾರೆ. ಕೊನೆಗೆ ತಂಗಿ, "ಉಪ್ಪು ಜಾಸ್ತಿ, ಯಾವಾಗ್ಲೂ ನಿಂದು ಹಂಗೇ" ಅನ್ನುತ್ತಾಳೆ. ಓದಕ್ಕ ಅದನ್ನು ಓದಿದ್ದು ಒಂದು ಶುಕ್ರವಾರ. ಭಾನುವಾರ ಮೇಸ್ತ್ರಮ್ಮ ಪಾತ್ರೆ ಹಿಡಿದು ಎರಡು ಬಸ್ಸು ಬದಲಿಸಿ ಹೋದಳು. ತಂಗಿ ಎರಡು ತಟ್ಟೆ ತಂದಳು ನಿಜ, ಆದರೆ ಬಾಗಿಲಂತೂ ತೆಗೆದಳು.

ಆದ್ದರಿಂದ ಉಪಾಯ ಹೊಳೆದಾಗ ಅದು ಊಟದಮ್ಮನ ದಿಕ್ಕಿನಿಂದಲೇ ಹೊಳೆಯಿತು. ಹೊಳೆಸಿದವಳು ಹೊಲಿಗೆ ಟೇಬಲ್ಲಿನ ಸೂಜಿ. ಹೆಸರು ಕೆಲಸದಿಂದ ಬಂದದ್ದೋ ನಾಲಿಗೆಯಿಂದ ಬಂದದ್ದೋ ತೀರ್ಮಾನವಾಗಿಲ್ಲ.

"ಊಟದಮ್ಮ ಇದೇ ಊರಲ್ಲಿ ಇರೋದಂತೆ, ಪ್ರೂಫ್ ನೋಡೋ ಮೇಷ್ಟ್ರು ಹೇಳ್ತಿದ್ರು" ಎಂದಳು ಸೂಜಿ. "ಅವರನ್ನೇ ಕರೆಸಿ ಮೇಸ್ತ್ರಮ್ಮ. ಬಂದು ಒಂದು ಮಾತು ಅಂದ್ರೆ ಚಿಕ್ಕ ಮಾಲೀಕರು ಸ್ಪೀಕರನ್ನ ತಾವೇ ಹೊತ್ಕೊಂಡು ವಾಪಸ್ ಕೊಟ್ಟು ಬರ್ತಾರೆ. ಅವರ ಪುಸ್ತಕದ ಕೆಲಸ ಕೈತಪ್ಪಿದ್ರೆ ಪ್ರೆಸ್ಸಿನ ಮಾನವೇ ಹೋಗುತ್ತೆ."

ಮೇಸ್ತ್ರಮ್ಮ ಓದಕ್ಕನಿಗೆ ಹೇಳದೆ ಪತ್ರ ಬರೆದಳು. ನಾವು ಹನ್ನೊಂದು ಜನ ನಿಮ್ಮ ಅಭಿಮಾನಿಗಳು, ನಿಮ್ಮ ಬರಹವನ್ನು ನಮಗೆ ಓದಿ ಹೇಳುವವರನ್ನು ಉಳಿಸಿಕೊಡಿ ಎಂದು. ನಾಲ್ಕನೆಯ ದಿನ ಮಾಲೀಕರ ಫೋನಿಗೇ ಉತ್ತರ ಬಂತು: ಬುಧವಾರ ಬರುತ್ತೇನೆ. ಚಿಕ್ಕ ಮಾಲೀಕ ಗರಬಡಿದವನಂತೆ ಮೆಟ್ಟಿಲಿಳಿದು ಬಂದು, "ನಮ್ಮ ಬೈಂಡಿಂಗಿನವರಿಗೆ ಅವರ ಬರಹ ಅರ್ಥ ಆಗುತ್ತಾ?" ಎಂದು ಕೇಳಿದ. "ನಾನು ಮೂರು ಸಲ ಶುರು ಮಾಡಿದೀನಿ."

ಓದಕ್ಕನಿಗೆ ಗೊತ್ತಾದಾಗ ಅವಳ ಮುಖ ಅಂಟಜ್ಜಿಯ ಬಟ್ಟಲಿನಲ್ಲಿದ್ದ ಅಂಟಿನ ಬಣ್ಣಕ್ಕೆ ತಿರುಗಿತು.

"ಯಾರನ್ನ ಕೇಳಿ ಕರೆದ್ಯೇ?"

"ನಿನ್ನ ಒಳ್ಳೇದಕ್ಕೇ ಅಕ್ಕ."

"ನನ್ನ ಒಳ್ಳೇದನ್ನ ನಾನು ನೋಡ್ಕೋತಿದ್ನಲ್ಲ. ಬುಧವಾರ ನಾನು ರಜ."

"ಸುಮ್ನಿರಕ್ಕ, ಅಷ್ಟು ನಾಚಿಕೆ ಪಟ್ಕೋಬಾರ್ದು. ಓದಿ ಓದಿ ನಿನಗೂ ಊಟದಮ್ಮನ ಗುಣ ಬಂದುಬಿಟ್ಟಿದೆ."

ಓದಕ್ಕ ತಾನು ಓದುತ್ತಿದ್ದ ಹಾಳೆಗಳನ್ನು ಸೆರಗಿನೊಳಗೆ ಸರಿಸಿಕೊಂಡಳು. ನಾಚಿಕೆ ಎಂದೇ ಮೇಸ್ತ್ರಮ್ಮ ಭಾವಿಸಿದಳು. ಬುಧವಾರ ಬೆಳಿಗ್ಗೆ ಅವಳೇ ಹೋಗಿ, ಹಿಂದಿನ ಕೋಣೆಯಲ್ಲಿ ಬೆಕ್ಕಿನ ಜೊತೆ ಕೂತಿದ್ದವಳನ್ನು ಕೈಹಿಡಿದು ಎಬ್ಬಿಸಿಕೊಂಡು ಬಂದಳು.

ಊಟದಮ್ಮ ಎಂದರೆ ದುಂಡಗೆ, ನಗುನಗುತ್ತಾ, ಕೈಯಲ್ಲಿ ಒಗ್ಗರಣೆಯ ಘಮ ಇಟ್ಟುಕೊಂಡು ಬರುತ್ತಾರೆ ಎಂದು ಎಲ್ಲರೂ ಅಂದುಕೊಂಡಿದ್ದರು. ಬಂದವರು ಅಡಿಪಟ್ಟಿಯ ಹಾಗೆ ನೆಟ್ಟಗಿದ್ದರು, ಅಗಲವೂ ಹೆಚ್ಚುಕಡಿಮೆ ಅಷ್ಟೇ. ಬೂದು ಬಟ್ಟೆ, ಬೂದು ಕೂದಲು, ಕೈಯಲ್ಲಿ ಬಿಸಿನೀರಿನ ಫ್ಲಾಸ್ಕು. ಅಂಟಜ್ಜಿ ಬಿಸ್ಕತ್ತಿನ ತಟ್ಟೆ ಮುಂದೆ ಮಾಡಿದರೆ, "ಬೇಡಿ, ನಾನು ಹೊತ್ತಲ್ಲದ ಹೊತ್ತಲ್ಲಿ ಏನೂ ತಗೊಳ್ಳಲ್ಲ" ಎಂದರು.

"ಇವರೇನಾ?" ಎಂದು ಸೂಜಿ ಪಿಸುಗುಟ್ಟಿದಳು. "ಬೇರೆ ಯಾರನ್ನೋ ಕಳ್ಸಿದಾರೆ."

ಚಿಕ್ಕ ಮಾಲೀಕ ಕುರ್ಚಿ ಹಾಕಿಸಿದ. ಲೇಖಕಿ ಕೂತು, ಎಲ್ಲರನ್ನೂ ನೋಡಿ ಹೇಳಿದರು. "ನಿಮ್ಮ ಪತ್ರ ನಾಲ್ಕು ಸಲ ಓದಿದೆ. ನನ್ನ ಬಗ್ಗೆ ಪಂಡಿತರು ಬರೀತಾರೆ. ಓದಿದವರು ಯಾರೂ ಇದುವರೆಗೆ ಬರೆದಿರಲಿಲ್ಲ. ನಿಮಗೆ ಏನು ಇಷ್ಟವಾಯ್ತು, ಅದನ್ನ ನಿಮ್ಮ ಬಾಯಲ್ಲೇ ಕೇಳಬೇಕು ಅಂತ ಬಂದೆ."

ಕೇಳಿದ್ದೇ ತಡ. ಅಂಟಜ್ಜಿ ಮುಂದೆ ಬಂದಳು. "ಆ ನ್ಯಾಯಾಧೀಶ ಕೆಲಸ ಬಿಟ್ಟು ಮನೆಗೆ ಬಂದು, ಆಲೂಗಡ್ಡೆ ಸಿಪ್ಪೆ ತೆಗೀತಾ ತೆಗೀತಾ, ಜೀವಮಾನದಲ್ಲಿ ಯಾರಿಗೆಲ್ಲ ಶಿಕ್ಷೆ ಕೊಟ್ಟೆ ಅಂತ ಎಣಿಸ್ತಾನಲ್ಲ ತಾಯಿ. ಒಂದು ಆಲೂಗಡ್ಡೆಗೆ ಒಬ್ಬ. ಆಮೇಲೆ ಅಷ್ಟೂ ಬೇಯಿಸಿ, ಬೀದೀಲಿ ಹೋಗೋರನ್ನ ಕರೆದು ತಿನ್ನಿಸ್ತಾನೆ. ನಾನು ಅವತ್ತು ಅಂಟು ಸೀಯಿಸಿಬಿಟ್ಟೆ."

ಲೇಖಕಿಯ ಹುಬ್ಬು ಒಂದಿಷ್ಟು ಮೇಲೆ ಹೋಯಿತು. ಮುಗುಳ್ನಗೆ ಹಾಗೇ ಇತ್ತು. ಮುದುಕಿ, ಏನೋ ಕಲಸಿಕೊಂಡಿದ್ದಾಳೆ ಎನ್ನುವ ಥರದ್ದು.

ಸೂಜಿ ಶುರು ಮಾಡಿದಳು. "ನನಗೆ ಆ ಗಂಡ ಹೆಂಡತಿ ಎದುರುಬದುರು ಕೂತು ಈರುಳ್ಳಿ ಹೆಚ್ಚೋದು. ಇಬ್ರೂ ಅಳ್ತಿರ್ತಾರೆ, ಈರುಳ್ಳಿಗಾ, ಮಗು ಹೋದದ್ದಕ್ಕಾ ಇಬ್ರಿಗೂ ಗೊತ್ತಿಲ್ಲ. ಎರಡೇ ಸಾಕಾಗಿತ್ತು, ಒಂದು ಬುಟ್ಟಿ ಹೆಚ್ತಾರೆ. ಮೇಡಂ, ಅದು ಹೆಂಗೆ ಹೊಳೀತು ನಿಮಗೆ?"

ಮುಗುಳ್ನಗೆ ಹೋಯಿತು. ಲೇಖಕಿ ಮಾಲೀಕನತ್ತ ನೋಡಿದರು. ಮಾಲೀಕ ಅಂಟಿನ ಬಟ್ಟಲಿನತ್ತ ನೋಡಿದ. ಮೇಸ್ತ್ರಮ್ಮನಿಗೆ ಏನೋ ಸರಿಯಿಲ್ಲ ಅನ್ನಿಸಿತು, ಸರಿಮಾಡಬೇಕು ಅನ್ನಿಸಿತು, ಅದಕ್ಕೆ ತನ್ನ ಹತ್ತಿರ ಇದ್ದದ್ದರಲ್ಲಿ ದೊಡ್ಡದನ್ನೇ ತೆಗೆದಳು. ಅಕ್ಕ, ತಂಗಿ, ಮುಚ್ಚಿದ ಪಾತ್ರೆ, ಒಂದೇ ತಟ್ಟೆ, ಉಪ್ಪು ಜಾಸ್ತಿ. ಆಮೇಲೆ ಭಾನುವಾರ, ಎರಡು ಬಸ್ಸು, ತಂಗಿಯ ಬಾಗಿಲು. ಹೇಳಿ ಮುಗಿಸುವಷ್ಟರಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. "ನೀವು ಅದನ್ನ ಬರೀದೇ ಹೋಗಿದ್ರೆ ನಾನೂ ಅವಳೂ ಹಂಗೇ ಸತ್ತು ಹೋಗ್ತಿದ್ವಿ ಮೇಡಂ."

"ಯಾವ ಪುಸ್ತಕದಲ್ಲಿ?" ಲೇಖಕಿಯ ದನಿ ಬಹಳ ಮೆಲ್ಲಗಿತ್ತು.

"ನಿಮ್ಮ ಆರನೇದು ಮೇಡಂ."

"ನನ್ನ ಆರನೇ ಕಾದಂಬರಿಯಲ್ಲಿ ಇರೋದು ಒಬ್ಬನೇ ಮನುಷ್ಯ. ಬಾಡಿಗೆ ಕೋಣೆಯಲ್ಲಿ ಕೂತು ಕಾಲದ ಬಗ್ಗೆ ಯೋಚಿಸ್ತಾನೆ. ಅವನಿಗೆ ಅಕ್ಕ ಇಲ್ಲ, ತಂಗಿ ಇಲ್ಲ." ಫ್ಲಾಸ್ಕನ್ನು ನೆಲಕ್ಕಿಟ್ಟರು. "ನನ್ನ ಹನ್ನೊಂದು ಕಾದಂಬರಿಯಲ್ಲಿ ಯಾರೂ ಊಟ ಮಾಡೋದಿಲ್ಲ."

ಮೇಸ್ತ್ರಮ್ಮ ಆ ಮಾತನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡಳು. ಯಾರೂ ಊಟ ಮಾಡುವುದಿಲ್ಲವೇ? ಆ ತಟ್ಟೆ? ಆ ಉಪ್ಪು? ಹಾಗಾದರೆ ತಾನು ಪಾತ್ರೆ ಹೊತ್ತು ಹೋದದ್ದು ಯಾರ ಮಾತು ಕೇಳಿ?

ಎಲ್ಲರ ಕಣ್ಣೂ ಮೂಲೆಯ ಕುರ್ಚಿಗೆ ಹೋದವು. ಓದಕ್ಕ ಮೇಸ್ತ್ರಮ್ಮ ಹುಡುಕಿಸಿ ಕೈಗಿತ್ತಿದ್ದ, ಕಂದು ಕಾಗದದ ಹೊದಿಕೆಯ ಆರನೇ ಕಾದಂಬರಿಯ ಕಟ್ಟನ್ನು ತೊಡೆಯ ಮೇಲೆ ಎರಡೂ ಕೈಯಿಂದ ಒತ್ತಿ ಹಿಡಿದಿದ್ದಳು. ಲೇಖಕಿ ಎದ್ದು ಹೋಗಿ ಕೈಚಾಚಿದರು. ಓದಕ್ಕ ಕೊಟ್ಟಳು.

ಲೇಖಕಿ ಬಿಡಿಸಿದರು. ಮೂವತ್ತೆರಡನೆಯ ಪುಟದ ಎದುರಿಗೆ ತೊಂಬತ್ತೇಳನೆಯ ಪುಟ. ಅಲ್ಲಿಂದ ನೂರ ಹನ್ನೆರಡರವರೆಗೆ, ಆಮೇಲೆ ನೇರವಾಗಿ ಇನ್ನೂರ ಎಂಬತ್ತೊಂಬತ್ತು. ಒಂದರಲ್ಲಿ ಶಾಯಿ ಹರಡಿತ್ತು, ಇನ್ನೊಂದು ಸೊಟ್ಟಗೆ ಅಚ್ಚಾಗಿತ್ತು.

"ಮಧ್ಯದ್ದು ಎಲ್ಲಿ?"

"ಅದು ಕೆಟ್ಟಿರಲಿಲ್ಲಮ್ಮ" ಎಂದಳು ಓದಕ್ಕ.

"ಅಂದ್ರೆ?"

"ಇಲ್ಲಿ ಚೆನ್ನಾಗಿರೋ ಹಾಳೆ ಮುಟ್ಟಂಗಿಲ್ಲ. ಬೆರಳಿನ ಗುರುತು ಬಿದ್ರೆ ಪುಸ್ತಕ ವಾಪಸ್ ಬರುತ್ತೆ ಅಂತ ದೊಡ್ಡ ಮಾಲೀಕರ ಕಾಲದಿಂದ ಕಟ್ಟಳೆ. ಮಷೀನಲ್ಲಿ ಕೆಟ್ಟ ಹಾಳೆ ಮಾತ್ರ ನಾವು ತಗೋಬಹುದು. ಒಂದು ಪುಸ್ತಕಕ್ಕೆ ಮೂರು ಫಾರಂ ಕೆಡುತ್ತೆ, ನಾಲ್ಕು ಕೆಡುತ್ತೆ. ಅಷ್ಟನ್ನ ಇವರೇ ಹೊಲಿದು ಕೊಡ್ತಾರೆ." ಸ್ವಲ್ಪ ಹೊತ್ತು ಬಿಟ್ಟು ಸೇರಿಸಿದಳು. "ನಿಮ್ದು ಯಾವಾಗ್ಲೂ ಚೆನ್ನಾಗೇ ಪ್ರಿಂಟಾಗ್ತಿತ್ತು. ಕೊಲೆರಾಯಂದಾದ್ರೆ ಅರ್ಧಕ್ಕರ್ಧ ಸಿಗೋದು."

ಇಷ್ಟು ವರ್ಷ ಬೈಂಡಿಂಗ್ ಕೋಣೆ ಕೇಳಿದ್ದು ಅಕ್ಷರಶಃ ಕಟ್ಟುಕಥೆ. ಕಟ್ಟುವ ಹೆಂಗಸರೇ ಕೆಟ್ಟ ಹಾಳೆ ಕಟ್ಟಿಕೊಟ್ಟು, ನಡುವಿನದನ್ನು ಓದಕ್ಕ ಕಟ್ಟಿ ಹೇಳಿದ್ದು. ಪ್ರತಿ ಸಂಜೆ ಉಳಿದ ಹಾಳೆಗಳನ್ನು ತಮ್ಮ ಕೈಯಾರೆ ಮಡಿಸಿ ಹೊರಗೆ ಕಳಿಸುತ್ತಿದ್ದ ಹನ್ನೊಂದು ಜನರಲ್ಲಿ ಒಬ್ಬರಿಗೂ, ಆ ಮಡಿಕೆಯೊಳಗೆ ಬೇರೆ ಕತೆ ಇರಬಹುದೆಂದು ತೋಚಿರಲಿಲ್ಲ.

ಚಿಕ್ಕ ಮಾಲೀಕನಿಗೆ ಈಗ ಮೈಮೇಲೆ ಬಂತು. "ಇಪ್ಪತ್ತಾರು ವರ್ಷ ನಮ್ಮ ಪ್ರೆಸ್ಸಲ್ಲಿ ಕೂತು ಸುಳ್ಳು ಓದಿದೀರಾ? ಮೇಡಂ, ದಯವಿಟ್ಟು ಕ್ಷಮಿಸಿ. ಒಂದನೇ ತಾರೀಕು ಯಾಕೆ, ಇವತ್ತೇ..."

"ಒಂದು ನಿಮಿಷ ಸಾರ್" ಎಂದಳು ಮೇಸ್ತ್ರಮ್ಮ. ಮಾಲೀಕರ ಮಾತಿಗೆ ಅಡ್ಡ ಬಾಯಿ ಹಾಕಿದ್ದು ಅವಳ ಜೀವಮಾನದಲ್ಲೇ ಮೊದಲು. ಅವಳು ಮೂಲೆಗೆ ಹೋಗಿ ಓದಕ್ಕನ ಮುಂದೆ ನಿಂತಳು. "ಅಕ್ಕ. ಆ ತಟ್ಟೆ ನೀನೇ ತಂದಿದ್ದಾ?"

ಓದಕ್ಕ ಅವಳ ಮುಖ ನೋಡಲಿಲ್ಲ. "ನೀನು ಆಗ ದಿನಾ ಹಾಳೆ ತಪ್ಪು ಮಡಿಸ್ತಿದ್ದೆ ಕಣೇ. ಊಟದ ಹೊತ್ತಲ್ಲಿ ಡಬ್ಬಿ ಮುಚ್ಚಳ ತೆಗೆದು, ತಂಗಿಗೆ ಇದು ಇಷ್ಟ ಅನ್ನೋದು, ಮತ್ತೆ ಮುಚ್ಚೋದು. ಅವನು ಕೋಣೇಲಿ ಕೂತು ಕಾಲ ಕಾಲ ಅಂತಿದ್ದ. ನನಗೆ ಕೇಳಿ ಕೇಳಿ ತಲೆ ಕೆಟ್ಟೋಯ್ತು. ನಿನ್ನನ್ನ ಒಳಗೆ ಬಿಟ್ಟೆ."

ಮೇಸ್ತ್ರಮ್ಮ ಓದಕ್ಕನ ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟಳು. ಎದೆಯಲ್ಲಿ ಸಿಟ್ಟಿತ್ತು, ಅವಮಾನವಿತ್ತು, ಇನ್ನೊಂದು ಏನೋ ಇತ್ತು.

"ಓದಿ" ಎಂದರು ಲೇಖಕಿ ಇದ್ದಕ್ಕಿದ್ದಂತೆ. ಕಟ್ಟನ್ನು ವಾಪಸ್ ಕೊಟ್ಟು ಕೂತರು. "ಮೂವತ್ತೆರಡನೇ ಪುಟದಿಂದ. ದಿನಾ ಹೆಂಗೆ ಓದ್ತೀರೋ ಹಂಗೆ."

ಓದಕ್ಕ ಕನ್ನಡಕ ಏರಿಸಿ ಓದತೊಡಗಿದಳು. ವಾಕ್ಯ ಉದ್ದವಾಗಿತ್ತು, ನದಿಯೆಂದರೆ ನದಿ, ದಡ ಕಾಣದ್ದು. ಲೇಖಕಿಯ ತುಟಿ ಅದರ ಜೊತೆಗೇ ಸದ್ದಿಲ್ಲದೆ ಆಡುತ್ತಿತ್ತು. ಅಭ್ಯಾಸಬಲದಿಂದ ಹೆಂಗಸರ ಕೈ ಹಾಳೆಗೆ ಹೋಯಿತು. ಪುಟ ಮುಗಿಯಿತು. ಓದಕ್ಕ ಎದುರಿಗಿದ್ದ ತೊಂಬತ್ತೇಳನೆಯ ಪುಟದ ಮೇಲೆ ಅಂಗೈ ಇಟ್ಟು ಮುಂದುವರಿಸಿದಳು. ದನಿ ಏರಲಿಲ್ಲ, ಇಳಿಯಲಿಲ್ಲ, ಎಲ್ಲಿಯೂ ತಡವರಿಸಲಿಲ್ಲ. ಆದರೆ ಲೇಖಕಿಯ ತುಟಿ ನಿಂತುಹೋಯಿತು.

ಕೋಣೆಯಲ್ಲಿ ಕೂತ ಆ ಮನುಷ್ಯನ ಬಾಗಿಲನ್ನು ಈಗ ಪಕ್ಕದ ಮನೆಯ ಮುದುಕಿ ತಟ್ಟುತ್ತಿದ್ದಳು. ಒಂದು ತಟ್ಟೆಯಲ್ಲಿ ಬೇಯಿಸಿದ ಎರಡು ಮೊಟ್ಟೆ, ಪಕ್ಕದಲ್ಲಿ ಚಿಟಿಕೆ ಮೆಣಸಿನಪುಡಿ. ಗ್ಯಾಸು ಮುಗಿಯುತ್ತಾ ಬಂದಿದೆ, ಹಳದಿ ಸರಿಯಾಗಿ ಬೆಂದಿಲ್ಲವೇನೋ ಅಂದಳು. ಆ ಮನುಷ್ಯ ತಟ್ಟೆ ತಗೊಂಡ. ಎಷ್ಟೋ ವರ್ಷದಿಂದ ಯಾರ ಜೊತೆಗೂ ಮಾತಾಡದವನು ಒಂದು ತುಣುಕು ಬಾಯಿಗಿಟ್ಟು, ಬೆಂದಿದೆ ಎಂದ. ಅಷ್ಟೇ ಮಾತು. ಮುದುಕಿ ಹೊಸ್ತಿಲ ಮೇಲೇ ಕೂತು, ಹಾಗಾದರೆ ಇನ್ನೊಂದು ತಿನ್ನು ಎಂದಳು.

ಅರ್ಧ ಗಂಟೆಯಾಯಿತು. ಯಾರೂ ಅಲುಗಲಿಲ್ಲ, ಕೈಗಳ ಹೊರತು.

ಓದಕ್ಕ ನಿಲ್ಲಿಸಿದಾಗ ಲೇಖಕಿ ಫ್ಲಾಸ್ಕಿನ ಮುಚ್ಚಳ ತೆಗೆದು ಒಂದು ಗುಟುಕು ಬಿಸಿನೀರು ಕುಡಿದರು. "ಆ ಮನುಷ್ಯನ್ನ ನಾನು ಮುನ್ನೂರ ಇಪ್ಪತ್ತು ಪುಟ ಮಾತಾಡಿಸದೆ ಕೂರಿಸಿದ್ದೆ" ಎಂದರು ಕೊನೆಗೆ. "ಮಾತಾಡಿಸೋಕೆ ನನಗೆ ಗೊತ್ತಾಗಿರಲಿಲ್ಲ." ಮಾಲೀಕನ ಕಡೆ ತಿರುಗಿದರು. "ಇವರು ಇಲ್ಲೇ ಕೂತು ಓದ್ತಾರೆ. ಹಾಳೆ ಮಡಿಸೋ ಬೆರಳಿಂದ ಆಗೋ ಕೆಲಸ ಅಲ್ಲ ಇದು. ಆ ಸ್ಪೀಕರಿಗೆ ನನ್ನ ಕಾದಂಬರಿಗಿಂತ ಬೇಗ ಗಿರಾಕಿ ಸಿಗುತ್ತೆ, ವಾಪಸ್ ಕೊಡಿ."

ಚಿಕ್ಕ ಮಾಲೀಕ ಎರಡು ಸಲ ಉಗುಳು ನುಂಗಿದ. "ಮೇಡಂ ಹೇಳಿದ ಮೇಲೆ ಮುಗೀತು. ಆದ್ರೆ ಇದು ಪುಸ್ತಕದಲ್ಲಿ ಇಲ್ಲ, ಇವರ ಸ್ವಂತದ್ದು ಅಂತ ಶುರುವಲ್ಲಿ ಒಂದು ಸಲ ಹೇಳಿಬಿಡಲಿ."

"ಹೇಳ್ತಾರೆ ಸಾರ್, ಯಾರೂ ಕೇಳಿಸ್ಕೊಳ್ಳಲ್ಲ" ಎಂದಳು ಸೂಜಿ.

ಮೇಸ್ತ್ರಮ್ಮ ಬಿಸ್ಕತ್ತಿನ ತಟ್ಟೆಯನ್ನು ಮತ್ತೆ ಲೇಖಕಿಯ ಮುಂದೆ ಇಟ್ಟಳು. ಲೇಖಕಿಗೆ ಉತ್ಸಾಹ ಬಂದು, ತಮ್ಮ ಹನ್ನೊಂದು ಪುಸ್ತಕವನ್ನೂ ಪೂರ್ತಿ ಕಳಿಸಿಕೊಡುತ್ತೇನೆ ಎಂದರು. "ಪೂರ್ತಿನಾ?" ಎಂದು ಅಂಟಜ್ಜಿ ಚೀರಿದಳು. ಹೆಂಗಸರ ಮುಖದಲ್ಲಿ ಆ ದಿನದ ಅತಿ ದೊಡ್ಡ ಗಾಬರಿ ಕಂಡದ್ದು ಆಗಲೇ. ಲೇಖಕಿ ಅದನ್ನು ನೋಡಿದರು, ಅರ್ಥ ಮಾಡಿಕೊಂಡರು, ಮೊದಲ ಸಲ ಗಟ್ಟಿಯಾಗಿ ನಕ್ಕರು. ಆಮೇಲೆ ಒಂದು ಬಿಸ್ಕತ್ತು ತಗೊಂಡರು.

ಹೊರಡುವ ಮುಂಚೆ ಅವರು ಓದಕ್ಕನ ಹತ್ತಿರ ಬಂದು ಕೈ ಹಿಡಿದುಕೊಂಡರು. ಕಣ್ಣು ತೇವವಾಗಿತ್ತು. ಎಲ್ಲರೂ ಹತ್ತಿರ ಸರಿದರು. ಮೇಸ್ತ್ರಮ್ಮನಂತೂ ಬಾಗಿ ಕಿವಿಗೊಟ್ಟಳು.

"ಒಂದು ಮಾತು ಕೇಳ್ತೀನಿ. ಇವರ ತಂಗೀದು ಅರ್ಥವಾಯ್ತು. ಆದ್ರೆ ಉಳಿದವರು? ಆ ನ್ಯಾಯಾಧೀಶ, ಆ ಗಂಡ ಹೆಂಡತಿ, ಕೋಣೇಲಿ ಕೂತವನು. ನಾನು ಅವರ ಆತ್ಮದ ಬಗ್ಗೆ ಬರೆದೆ. ನೀವು ಒಬ್ಬೊಬ್ಬರನ್ನೂ ಕರೆದು ಉಣ್ಣೋಕೆ ಕೂರಿಸಿದ್ರಿ. ನನ್ನ ಬರಹದಲ್ಲಿ ಅಷ್ಟು ದೊಡ್ಡ ಹಸಿವು ನಿಮಗೆ ಎಲ್ಲಿ ಕಾಣಿಸ್ತು?"

ಓದಕ್ಕ ಸಂಕೋಚದಿಂದ ಮಾಲೀಕನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದಳು.

"ನಿಮ್ಮ ಬರಹದಲ್ಲಿ ಏನಿಲ್ಲಮ್ಮ. ಬಸ್ಸಿನ ಗಡಿಬಿಡೀಲಿ ನಾನು ಬೆಳಿಗ್ಗೆ ಏನೂ ತಿಂದು ಬರಲ್ಲ. ಹನ್ನೊಂದು ಗಂಟೆ ಹೊತ್ತಿಗೆ ನಿಮ್ದು ಓದೋದು, ಹೊಟ್ಟೆ ಒಂದೇ ಸಮ ಗುರುಗುಡ್ತಿರುತ್ತೆ. ಕೊಲೆರಾಯ, ಕಣ್ಣೀರಪ್ಪ ಊಟ ಆದ್ಮೇಲೆ. ನಿಮ್ದೂ ಆಗ ಓದಿದ್ರೆ ನಿಮ್ಮೋರನ್ನೂ ಸಾಯಿಸ್ತಿದ್ದೆ."